ಹಿಮ ಬೀಳುವ ಒಂದು ಬೆಳಗ್ಗೆಗಾಗಿ: ಜರ್ಮನಿಯಲ್ಲಿ ವಿಂಟರ್ ಟೈರಿನ ಆಯ್ಕೆ

2024ರ ಅಕ್ಟೋಬರ್ 1ರಿಂದ ಜರ್ಮನಿಯಲ್ಲಿ ಒಂದು ಬಗೆಯ ಟೈರು ಕಾನೂನಿನ ಲೆಕ್ಕದಲ್ಲಿ ಚಳಿಗಾಲದ ಟೈರಾಗಿ ಉಳಿದಿಲ್ಲ. ಮಗ್ಗುಲಿನ ಮೇಲೆ ‘ಎಂ+ಎಸ್’ ಎಂಬ ಅಕ್ಷರಗಳನ್ನಷ್ಟೇ ಹೊತ್ತಿರುವ ಈ ಟೈರುಗಳು 2017ರ ಕೊನೆಯೊಳಗೆ ತಯಾರಾಗಿದ್ದರೆ 2024ರ ಸೆಪ್ಟೆಂಬರ್ 30ರವರೆಗೂ ಹಿಮದ ರಸ್ತೆಯಲ್ಲಿ ಸಲ್ಲುತ್ತಿದ್ದವು. ಈಗ ಅವುಗಳಿಗೆ ಬೇಸಿಗೆಯ ಟೈರಿಗಿರುವಷ್ಟೇ ಮಾನ್ಯತೆ. ಮೂರು ಶಿಖರಗಳ ಬೆಟ್ಟ, ಅದರೊಳಗೊಂದು ಹಿಮದ ಹರಳು, ಇಷ್ಟನ್ನು ರೇಖೆಯಲ್ಲಿ ಬರೆದ ‘ಆಲ್ಪೈನ್’ ಗುರುತು ಇದ್ದರೆ ಮಾತ್ರ ಆ ಟೈರು ಚಳಿಗಾಲದ್ದು. ಏಳು ವರ್ಷಗಳ ಕಾಲಾವಕಾಶ ಕೊಟ್ಟು ತಂದ ನಿಯಮವಾದ್ದರಿಂದ ಇದರ ಬಗ್ಗೆ ಗದ್ದಲವೇನೂ ಆಗಲಿಲ್ಲ. ಆದರೆ ಈ ದೇಶಕ್ಕೆ ಹೊಸದಾಗಿ ಬಂದವರು, ಅದರಲ್ಲಿಯೂ ಬೆಂಗಳೂರಿನಿಂದ ನೇರವಾಗಿ ಸ್ಟುಟ್‌ಗಾರ್ಟ್‌ಗೋ ಮ್ಯೂನಿಕ್‌ಗೋ ಕೆಲಸಕ್ಕೆ ಬಂದು ಆರು ತಿಂಗಳೊಳಗೆ ಹಳೆಯ ಕಾರೊಂದನ್ನು ಕೊಳ್ಳುವ ನಮ್ಮವರು, ಇದನ್ನು ಸರಿಯಾಗಿ ತಿಳಿದುಕೊಳ್ಳುವುದು ಒಳ್ಳೆಯದು. ಏಕೆಂದರೆ ಹಳೆಯ ಕಾರಿನ ಜಾಹೀರಾತಿನಲ್ಲಿ ‘ಜೊತೆಗೆ ಎಂಟು ಗಾಲಿಗಳು’ ಎಂದು ಬರೆದಿದ್ದರೆ, ಆ ಎಂಟರಲ್ಲಿ ನಾಲ್ಕು ಇಂದು ಲೆಕ್ಕಕ್ಕೇ ಬಾರದವಾಗಿರಬಹುದು.

ಇದನ್ನು ನಾನು ಪೆಟ್ಟು ತಿಂದು ಕಲಿತೆ. ನನ್ನ ಮೊದಲ ಕಾರನ್ನು ಕೊಂಡದ್ದು ಒಂದು ಮೇ ತಿಂಗಳಲ್ಲಿ. ಮಾರಿದವರು ನೆಲಮಾಳಿಗೆಯ ಮೂಲೆಯಲ್ಲಿ ಒಂದರ ಮೇಲೊಂದು ಪೇರಿಸಿಟ್ಟಿದ್ದ ನಾಲ್ಕು ಗಾಲಿಗಳನ್ನು ತೋರಿಸಿ, ಇವು ಚಳಿಗಾಲಕ್ಕೆ ಎಂದರು. ನಾನು ತಲೆಯಾಡಿಸಿದೆ. ಟೈರು ಎಂದರೆ ನಾಲ್ಕೈದು ವರ್ಷಕ್ಕೊಮ್ಮೆ ಬೋಳಾದಾಗ ಬದಲಿಸುವ ವಸ್ತು ಎಂಬಷ್ಟೇ ತಿಳಿವಳಿಕೆಯ ನನಗೆ ಕೇಳಲು ಪ್ರಶ್ನೆಗಳೂ ಇರಲಿಲ್ಲ. ಅಕ್ಟೋಬರ್ ಕೊನೆಯಲ್ಲಿ ಅವುಗಳನ್ನು ಹಾಕಿಸಲು ಹೋದಾಗ, ಟೈರಿನಂಗಡಿಯ ಹಿರಿಯ ಮೆಕ್ಯಾನಿಕ್ ಜೇಬಿನಿಂದ ಒಂದು ಯೂರೋ ನಾಣ್ಯವನ್ನು ತೆಗೆದು ಟೈರಿನ ತೋಡಿನೊಳಗೆ ನಿಲ್ಲಿಸಿದರು. ಆ ನಾಣ್ಯದ ಸುತ್ತ ಇರುವ ಚಿನ್ನದ ಬಣ್ಣದ ಅಂಚಿನ ಅಗಲ ಸುಮಾರು 3 ಮಿ.ಮೀ. ಅಂಚು ಪೂರ್ತಿ ಮುಳುಗದೆ ಅರ್ಧ ಹೊರಗೆ ಕಾಣುತ್ತಿತ್ತು. ಅವರು ಏನೂ ಹೇಳದೆ ನಾಣ್ಯವನ್ನು ಮತ್ತೆ ಜೇಬಿಗೆ ಹಾಕಿಕೊಂಡು, ಇನ್ನೊಂದು ಟೈರಿನ ಮಗ್ಗುಲನ್ನು ಬಟ್ಟೆಯಿಂದ ಒರೆಸಿ, ಅಲ್ಲಿದ್ದ ನಾಲ್ಕು ಅಂಕಿಗಳನ್ನು ಬೆರಳಿನಿಂದ ತೋರಿಸಿದರು. ಟೈರುಗಳಿಗೆ ಒಂಬತ್ತು ವರ್ಷ ತುಂಬಿತ್ತು.

ಮೊದಲು ಕಾನೂನನ್ನು ನೋಡೋಣ. ಏಕೆಂದರೆ ಅದರ ಬಗ್ಗೆ ನಮ್ಮವರಲ್ಲಿ ಚಾಲ್ತಿಯಲ್ಲಿರುವ ತಿಳಿವಳಿಕೆ ಹೆಚ್ಚಾಗಿ ಅರ್ಧಸತ್ಯ. ಜರ್ಮನಿಯಲ್ಲಿ ಇಂಥ ತಾರೀಕಿನಿಂದ ಇಂಥ ತಾರೀಕಿನವರೆಗೆ ವಿಂಟರ್ ಟೈರು ಕಡ್ಡಾಯ ಎಂಬ ನಿಯಮವಿಲ್ಲ. ‘ಅಕ್ಟೋಬರಿನಿಂದ ಈಸ್ಟರ್‌ವರೆಗೆ’ ಎಂಬ ಮಾತು ಜನರ ಬಾಯಲ್ಲಿರುವ ರೂಢಿಯಷ್ಟೇ. ಸಂಚಾರ ನಿಯಮಾವಳಿಯ 2ನೆಯ ಕಲಮಿನ 3ಎ ಉಪಕಲಮು ಹೇಳುವುದು ರಸ್ತೆಯ ಸ್ಥಿತಿಯನ್ನು: ಗಾಜಿನಂಥ ಮಂಜುಗಡ್ಡೆ, ತುಳಿದು ಗಟ್ಟಿಯಾದ ಹಿಮದ ಜಾರು, ಕರಗಿದ ಹಿಮದ ರಾಡಿ, ಹೆಪ್ಪುಗಟ್ಟಿದ ನೀರಿನ ಮತ್ತು ಹೆಪ್ಪುಗಟ್ಟಿದ ಇಬ್ಬನಿಯ ಜಾರು, ಇವುಗಳಲ್ಲಿ ಯಾವುದೇ ಒಂದು ಇದ್ದಾಗ ಆಲ್ಪೈನ್ ಗುರುತಿನ ಟೈರಿಲ್ಲದೆ ಕಾರು ಓಡಿಸುವಂತಿಲ್ಲ. ಜನವರಿಯ ಒಣ ರಸ್ತೆಯಲ್ಲಿ ಬೇಸಿಗೆ ಟೈರಿನಲ್ಲಿ ಹೋದರೆ ತಪ್ಪಲ್ಲ. ಅಕ್ಟೋಬರಿನಲ್ಲೇ ಹಿಮ ಬಿದ್ದರೆ ತಪ್ಪು. 2006ರಲ್ಲಿ ಮೊದಲು ಬಂದ ನಿಯಮ ‘ಹವಾಮಾನಕ್ಕೆ ತಕ್ಕ ಟೈರು’ ಎಂದಷ್ಟೇ ಹೇಳಿತ್ತು. ಅಷ್ಟು ಸಡಿಲವಾದ ಮಾತಿನ ಮೇಲೆ ಯಾರನ್ನೂ ದಂಡಿಸಲಾಗದು ಎಂದು ಓಲ್ಡನ್‌ಬುರ್ಗ್‌ನ ಮೇಲಿನ ನ್ಯಾಯಾಲಯ 2010ರಲ್ಲಿ ತೀರ್ಪು ಕೊಟ್ಟ ಮೇಲೆ, ಅದೇ ವರ್ಷದ ಡಿಸೆಂಬರಿನಲ್ಲಿ ಈ ಐದು ಸ್ಥಿತಿಗಳನ್ನು ಹೆಸರಿಸಿ ನಿಯಮವನ್ನು ತಿದ್ದಲಾಯಿತು. ಈಗ ಓಡಿಸಿದವರಿಗೆ 60 ಯೂರೋ ದಂಡ ಮತ್ತು ಚಾಲಕರ ತಪ್ಪುಗಳನ್ನು ಬರೆದಿಡುವ ಫ್ಲೆನ್ಸ್‌ಬುರ್ಗ್‌ನ ಕೇಂದ್ರ ದಾಖಲೆಯಲ್ಲಿ ಒಂದು ದಂಡದ ಅಂಕ. ಇತರರ ಸಂಚಾರಕ್ಕೆ ಅಡ್ಡಿಯಾದರೆ 80 ಯೂರೋ. ಕಾರು ಯಾರ ಹೆಸರಿನಲ್ಲಿದೆಯೋ ಅವರು ಅಂಥ ಟೈರಿನಲ್ಲಿ ಬೇರೆಯವರಿಗೆ ಓಡಿಸಲು ಕೊಟ್ಟಿದ್ದರೆ ಅವರಿಗೆ 75 ಯೂರೋ ಮತ್ತು ಒಂದು ಅಂಕ. ಸ್ನೇಹಿತರು ವಾರಾಂತ್ಯಕ್ಕೆ ಕಾರು ಕೇಳಿದಾಗ ಇಲ್ಲವೆನ್ನಲಾರದ ನಮ್ಮ ಸ್ವಭಾವಕ್ಕೆ ಈ ಕೊನೆಯ ನಿಯಮ ನೆನಪಿರಲಿ. ಆದರೆ ದಂಡ ಇಲ್ಲಿ ಚಿಕ್ಕ ಸಂಗತಿ. ಅಪಘಾತವಾದಾಗ ಟೈರು ತಕ್ಕದ್ದಲ್ಲವೆಂದು ಕಂಡುಬಂದರೆ, ಅದು ಘೋರ ನಿರ್ಲಕ್ಷ್ಯವೆಂದು ವಾದಿಸಿ ವಿಮಾ ಕಂಪನಿಯವರು ನಿಮ್ಮ ಸ್ವಂತ ಕಾರಿನ ನಷ್ಟಭರ್ತಿಯಲ್ಲಿ ಕಡಿತ ಮಾಡಲು ಅವಕಾಶವಿದೆ.

‘ಎಂ+ಎಸ್’ ಅಕ್ಷರಗಳನ್ನು ಕಾನೂನು ಕೈಬಿಟ್ಟದ್ದು ಸರಿ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಕೆಸರು ಮತ್ತು ಹಿಮ ಎಂಬುದರ ಸಂಕ್ಷೇಪವಾದ ಈ ಗುರುತನ್ನು ಹಾಕಲು ತಯಾರಕರು ಯಾವ ಪರೀಕ್ಷೆಗೂ ಟೈರನ್ನು ಒಡ್ಡಬೇಕಾಗಿರಲಿಲ್ಲ. ತೋಡುಗಳು ಸ್ವಲ್ಪ ಅಗಲವಾಗಿದ್ದು ಆಕಾರ ಒರಟಾಗಿದ್ದರೆ ಅದೇ ಸಾಕಾಗುತ್ತಿತ್ತು. ಆಲ್ಪೈನ್ ಗುರುತಿಗಾದರೋ ವಿಶ್ವಸಂಸ್ಥೆಯ ಯೂರೋಪ್ ಆರ್ಥಿಕ ಆಯೋಗದ 117ನೆಯ ನಿಯಮದಂತೆ, ಗಟ್ಟಿಯಾದ ಹಿಮದ ಮೇಲೆ ಒಂದು ಮಾದರಿ ಟೈರಿನೊಂದಿಗೆ ಹೋಲಿಸಿ, ಅದಕ್ಕಿಂತ ನಿಗದಿತ ಪ್ರಮಾಣದಷ್ಟಾದರೂ ಮೇಲೆಂದು ತೋರಿಸಬೇಕು. ಹಾಗೆಂದು ಈ ಗುರುತನ್ನು ತೀರ ಮೇಲೆ ಕೂರಿಸಬೇಕಾಗಿಲ್ಲ. ಅದು ಪಾಸು ಅಂಕದ ಹಾಗೆ. ಮೂವತ್ತೈದು ಬಂದವನೂ ಪಾಸು, ತೊಂಬತ್ತೈದು ಬಂದವನೂ ಪಾಸು. ಅಲ್ಲದೆ ಅದು ಹಿಮದ ಪರೀಕ್ಷೆ ಮಾತ್ರ. ನೀರು ನಿಂತ ರಸ್ತೆಯಲ್ಲಿ, ನುಣುಪಾದ ಮಂಜುಗಡ್ಡೆಯ ಮೇಲೆ ಆ ಟೈರು ಹೇಗಿರುತ್ತದೆಂಬುದನ್ನು ಆ ಚಿತ್ರ ಹೇಳುವುದಿಲ್ಲ.

ಹಾಗಾದರೆ ಚಳಿಗಾಲದ ಟೈರಿನಲ್ಲಿ ಬೇರೆಯಾಗಿರುವುದೇನು? ಎರಡು ಸಂಗತಿಗಳು: ರಬ್ಬರು ಮತ್ತು ಗೀರುಗಳು. ರಬ್ಬರಿನ ಗುಣವೆಂದರೆ ಉಷ್ಣಾಂಶ ಇಳಿದಂತೆ ಅದು ಬಿಗಿಯಾಗುತ್ತಾ ಹೋಗಿ, ಒಂದು ಹಂತ ದಾಟಿದರೆ ಗಾಜಿನಂತೆ ಪೆಡಸಾಗುವುದು. ಟೈರು ರಸ್ತೆಯನ್ನು ಹಿಡಿಯುವುದು ರಸ್ತೆಯ ಮೇಲಿನ ಸಣ್ಣ ಉಬ್ಬುತಗ್ಗುಗಳೊಳಗೆ ರಬ್ಬರು ಒತ್ತಿಕೊಂಡು ಅವುಗಳ ಆಕಾರ ಪಡೆಯುವುದರಿಂದ. ಬಿಗಿಯಾದ ರಬ್ಬರಿಗೆ ಅದು ಆಗುವುದಿಲ್ಲ. ಬೇಸಿಗೆಯ ಟೈರಿನ ರಬ್ಬರನ್ನು ಬಿಸಿ ಡಾಂಬರಿನ ಮೇಲೆ ಕರಗದಂತೆ, ಬೇಗ ಸವೆಯದಂತೆ ಹದಗೊಳಿಸಿರುತ್ತಾರೆ. ಚಳಿಗಾಲದ ಟೈರಿನ ಮಿಶ್ರಣದಲ್ಲಿ ಸಿಲಿಕಾ, ಎಣ್ಣೆ ಮತ್ತು ಕಡಿಮೆ ಉಷ್ಣಾಂಶದಲ್ಲಿಯೂ ಮೆತುವಾಗಿರುವ ರಬ್ಬರುಗಳ ಹದ ಬೇರೆ. ಇಲ್ಲಿ ಎಲ್ಲರೂ ಹೇಳುವ ‘7 ಡಿಗ್ರಿ ಸೂತ್ರ’, ಅಂದರೆ ಉಷ್ಣಾಂಶ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಟೈರು ಬದಲಿಸಬೇಕು ಎಂಬುದು, ನೆನಪಿಡಲು ಸುಲಭವಾದ ಮಾತೇ ಹೊರತು ಭೌತವಿಜ್ಞಾನದ ಗಡಿಯಲ್ಲ. ರಬ್ಬರು 7 ಡಿಗ್ರಿಯಲ್ಲಿ ಹಠಾತ್ತನೆ ಗುಣ ಬದಲಿಸುವುದಿಲ್ಲ. 5 ಡಿಗ್ರಿಯ ಒಣ ರಸ್ತೆಯಲ್ಲಿ ಒಳ್ಳೆಯ ಬೇಸಿಗೆ ಟೈರು ಚೆನ್ನಾಗಿಯೇ ನಿಲ್ಲುತ್ತದೆ. ಟೈರು ಮಾರುವವರಿಗೆ ಈ ಸೂತ್ರ ಪ್ರಿಯವಾದದ್ದು ಸಹಜ. ಆದರೆ ಅದನ್ನು ಸುಳ್ಳೆಂದು ತಳ್ಳಿಹಾಕುವುದೂ ಸರಿಯಲ್ಲ. ಮಧ್ಯಾಹ್ನ 7 ಡಿಗ್ರಿ ಇರುವ ದಿನದ ಮುಂಜಾನೆ ಸೊನ್ನೆಯ ಆಸುಪಾಸಿನಲ್ಲಿರುತ್ತದೆ. ಸೇತುವೆಯ ಮೇಲೆ, ಕಾಡಿನ ನೆರಳಿನ ತಿರುವಿನಲ್ಲಿ ರಸ್ತೆ ಆಗಲೇ ಹೆಪ್ಪುಗಟ್ಟಿರುತ್ತದೆ.

ಎರಡನೆಯದು ಗೀರುಗಳು. ಚಳಿಗಾಲದ ಟೈರನ್ನು ಹತ್ತಿರದಿಂದ ನೋಡಿದರೆ ದೊಡ್ಡ ತೋಡುಗಳ ನಡುವಿನ ಪ್ರತಿಯೊಂದು ರಬ್ಬರಿನ ತುಂಡಿನ ಮೇಲೆಯೂ ಚಾಕುವಿನಿಂದ ಕೊಯ್ದಂಥ ಸಣ್ಣ ಅಂಕುಡೊಂಕು ಗೀರುಗಳು ಕಾಣುತ್ತವೆ. ಬ್ರೇಕ್ ಹಾಕಿದಾಗ ರಬ್ಬರಿನ ತುಂಡು ಸ್ವಲ್ಪ ವಾಲುತ್ತದೆ, ಗೀರುಗಳು ಬಾಯಿ ತೆರೆಯುತ್ತವೆ, ಒಂದೊಂದು ಗೀರಿನ ಅಂಚೂ ಹಿಮವನ್ನು ಕೆರೆಯುವ ಸಣ್ಣ ಉಗುರಾಗುತ್ತದೆ. ದೊಡ್ಡ ತೋಡುಗಳ ಕೆಲಸ ಇನ್ನೂ ಸ್ವಾರಸ್ಯಕರ. ಮಳೆಯಲ್ಲಿ ನೀರನ್ನು ಹೊರಕ್ಕೆ ಹಾಕುವ ತೋಡು ಹಿಮದಲ್ಲಿ ಅದಕ್ಕೆ ವಿರುದ್ಧವಾದುದನ್ನು ಮಾಡಬೇಕು: ಹಿಮವನ್ನು ತನ್ನೊಳಗೆ ತುಂಬಿಕೊಂಡು ಒತ್ತಿ ಉಂಡೆ ಕಟ್ಟಬೇಕು. ರಬ್ಬರಿಗಿಂತ ಹಿಮವೇ ಹಿಮವನ್ನು ಚೆನ್ನಾಗಿ ಹಿಡಿಯುತ್ತದೆ. ಅಂಗೈಯಲ್ಲಿ ಹಿಮದುಂಡೆ ಕಟ್ಟಿದವರಿಗೆ ಇದು ಗೊತ್ತು. ತೋಡಿನ ಆಳ ಕಡಿಮೆಯಾದಂತೆ ಈ ಹಿಡಿತ ಹೋಗುತ್ತದೆ. ಕಾನೂನು ಕೇಳುವ ಕನಿಷ್ಠ ಆಳ ಬೇಸಿಗೆಗೂ ಚಳಿಗಾಲಕ್ಕೂ ಒಂದೇ, 1.6 ಮಿ.ಮೀ.; ಜರ್ಮನಿಯ ವಾಹನ ಸವಾರರ ಸಂಘವಾದ ಎಡಿಎಸಿ ಚಳಿಗಾಲಕ್ಕೆ ಶಿಫಾರಸು ಮಾಡುವುದು 4 ಮಿ.ಮೀ. ಹೊಸ ಟೈರಿನ ಆಳ ಸುಮಾರು 8 ಮಿ.ಮೀ. ಎಂದಿಟ್ಟುಕೊಂಡರೆ, ಅರ್ಧ ಸವೆದ ಟೈರು ಕಾನೂನಿಗೆ ಇನ್ನೂ ಹೊಸದರಂತೆಯೇ, ಹಿಮಕ್ಕೆ ಮಾತ್ರ ಮುದಿಯಾದದ್ದು. ಚಾರ್ಮಾಡಿ ಘಾಟಿಯನ್ನು ಜುಲೈ ತಿಂಗಳಲ್ಲಿ ಸವೆದ ಟೈರಿನಲ್ಲಿ ಇಳಿದವರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ 4 ಮಿ.ಮೀ. ಶಿಫಾರಸು ಗಡಿ ದಾಟಿದ ಕೂಡಲೇ ಕಾನೂನಾಗುತ್ತದೆ ಎಂಬುದನ್ನು ಮ್ಯೂನಿಕ್ ಸುತ್ತಮುತ್ತಲಿನವರು ಗಮನಿಸಬೇಕು. ಆಸ್ಟ್ರಿಯಾದಲ್ಲಿ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ರಸ್ತೆಯಲ್ಲಿ ಹಿಮ ಅಥವಾ ಮಂಜುಗಡ್ಡೆ ಇದ್ದರೆ ಚಳಿಗಾಲದ ಟೈರು ಬೇಕು, ಮತ್ತು 4 ಮಿ.ಮೀ.ಗಿಂತ ಕಡಿಮೆ ಆಳದ ರೇಡಿಯಲ್ ಟೈರನ್ನು ಅಲ್ಲಿ ಚಳಿಗಾಲದ ಟೈರೆಂದು ಪರಿಗಣಿಸುವುದೇ ಇಲ್ಲ. ಕ್ರಿಸ್‌ಮಸ್ ರಜೆಯಲ್ಲಿ ಊರಿನಿಂದ ಬಂದ ಅಪ್ಪ ಅಮ್ಮನಿಗೆ ಹಿಮ ತೋರಿಸಲು ಟಿರೋಲ್ ಕಡೆಗೆ ಹೊರಡುವ ಕಾರಿನ ಟೈರು ಜರ್ಮನಿಯಲ್ಲಿ ಸಿಂಧುವಾಗಿದ್ದು, ಕುಫ್‌ಸ್ಟೈನ್ ದಾಟಿದ ಮೇಲೆ ಅಸಿಂಧುವಾಗಬಹುದು. ಫ್ರಾನ್ಸ್ ಕೂಡ ತನ್ನ ಪರ್ವತ ಪ್ರದೇಶಗಳಲ್ಲಿ ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಚಳಿಗಾಲದ ಸಜ್ಜನ್ನು ಕಡ್ಡಾಯ ಮಾಡಿದೆ.

ಟೈರಿನ ಹಿಡಿತ ಅರ್ಧಕ್ಕಿಳಿದರೆ ಏನಾಗುತ್ತದೆಂಬುದನ್ನು ಪ್ರೌಢಶಾಲೆಯ ಭೌತವಿಜ್ಞಾನದಿಂದಲೇ ಲೆಕ್ಕ ಹಾಕಬಹುದು. ಗಂಟೆಗೆ 50 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 13.9 ಮೀಟರ್. ಗಟ್ಟಿ ಹಿಮದ ಮೇಲೆ ಘರ್ಷಣಾಂಕ 0.3 ಇದೆ ಎಂದು ಹಿಡಿದರೆ ಬ್ರೇಕ್ ಹಾಕಿದ ಮೇಲೆ ಕಾರು 33 ಮೀಟರ್ ಹೋಗಿ ನಿಲ್ಲುತ್ತದೆ, 0.15 ಎಂದು ಹಿಡಿದರೆ 66 ಮೀಟರ್. ‘ದೂರ ಎರಡರಷ್ಟಾಯಿತು’ ಎಂಬ ಮಾತು ಇಲ್ಲಿಯ ಅಪಾಯವನ್ನು ಪೂರ್ತಿ ಹೇಳುವುದಿಲ್ಲ. ಮೊದಲನೆಯ ಕಾರು ಪಾದಚಾರಿ ಪಟ್ಟೆಯ ಮುಂದೆ ಬಂದು ಪೂರ್ತಿ ನಿಂತ ಜಾಗವನ್ನು ಎರಡನೆಯ ಕಾರು ಇನ್ನೂ ಗಂಟೆಗೆ 35 ಕಿ.ಮೀ. ವೇಗದಲ್ಲಿ ದಾಟುತ್ತಿರುತ್ತದೆ. ಒದ್ದೆ ಮಂಜುಗಡ್ಡೆಯ ಮೇಲೆ ಘರ್ಷಣಾಂಕ 0.1 ಅಥವಾ ಅದಕ್ಕೂ ಕಡಿಮೆ. ಆಗ ನಿಲ್ಲಲು ನೂರು ಮೀಟರ್ ಬೇಕು, ಮತ್ತು ಅಲ್ಲಿ ಯಾವ ಟೈರೂ ಚಮತ್ಕಾರ ಮಾಡುವುದಿಲ್ಲ. ನಾಲ್ಕು ಗಾಲಿಗೂ ಎಂಜಿನ್ ಬಲ ಹರಿಯುವ ಕಾರುಳ್ಳವರು ಈ ಲೆಕ್ಕದಿಂದ ತಮಗೆ ವಿನಾಯಿತಿ ಇದೆ ಎಂದು ಭಾವಿಸುವುದುಂಟು. ಆ ವ್ಯವಸ್ಥೆ ಏರಿನಲ್ಲಿ ಹೊರಡಲು ನೆರವಾಗುತ್ತದೆ. ನಿಲ್ಲುವಾಗ ಎಲ್ಲ ಕಾರಿಗೂ ನಾಲ್ಕೇ ಗಾಲಿ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ: ವರ್ಷಪೂರ್ತಿ ಒಂದೇ ಟೈರು ಸಾಕೇ, ಎರಡು ಜೊತೆ ಬೇಕೇ? ಸರ್ವಋತು ಟೈರುಗಳು ಹೊಸವಲ್ಲ, ಆದರೆ 2015ರಲ್ಲಿ ಮಿಶೆಲಿನ್ ಕಂಪನಿಯ ‘ಕ್ರಾಸ್‌ಕ್ಲೈಮೇಟ್’ ಮಾರುಕಟ್ಟೆಗೆ ಬಂದ ನಂತರ ಅವುಗಳ ಮಟ್ಟವೂ ಬೇಡಿಕೆಯೂ ಬದಲಾದವು. ಇಂದಿನ ಒಳ್ಳೆಯ ಸರ್ವಋತು ಟೈರುಗಳಲ್ಲಿ ಆಲ್ಪೈನ್ ಗುರುತು ಇರುತ್ತದೆ, ಆದ್ದರಿಂದ ಕಾನೂನಿನ ತಕರಾರಿಲ್ಲ. ನೆದರ್ಲೆಂಡ್ಸಿನ ಹಳೆಯ ಹೆಸರಾದ ವ್ರೆಡೆಸ್ಟೈನ್ ಕೂಡ ಈ ಬಗೆಯ ಟೈರುಗಳಿಗೆ ಪರಿಚಿತ. 2009ರಿಂದ ಅದು ನಮ್ಮ ಅಪೋಲೋ ಟೈರ್ಸ್‌ನ ಒಡೆತನದಲ್ಲಿದೆ ಎಂಬುದು ಇಲ್ಲಿ ಕಾರು ಓಡಿಸುವ ಅನೇಕ ಭಾರತೀಯರಿಗೆ ಗೊತ್ತಿಲ್ಲ. ಈ ಟೈರುಗಳ ಇತಿಮಿತಿ ಅವುಗಳ ಹೆಸರಿನಲ್ಲಿಯೇ ಇದೆ. ಜುಲೈ ತಿಂಗಳ 35 ಡಿಗ್ರಿಗೂ ಜನವರಿಯ ಮೈನಸ್ 10ಕ್ಕೂ ಒಂದೇ ರಬ್ಬರು ಒಗ್ಗಬೇಕಾದರೆ ಎರಡೂ ಕಡೆ ಸ್ವಲ್ಪ ಬಿಟ್ಟುಕೊಡಬೇಕಾಗುತ್ತದೆ: ಬೇಸಿಗೆಯ ಬಿಸಿ ರಸ್ತೆಯಲ್ಲಿ ನಿಲ್ಲುವ ದೂರ ಹೆಚ್ಚು, ಆಳವಾದ ಹಿಮದಲ್ಲಿ ಹಿಡಿತ ಕಡಿಮೆ.

ಈ ಚರ್ಚೆಯಲ್ಲಿ ಜನ ಸಾಮಾನ್ಯವಾಗಿ ಹಾಕುವ ಲೆಕ್ಕ ಸರಾಸರಿಯದು. ನಮ್ಮೂರಿನಲ್ಲಿ ವರ್ಷಕ್ಕೆ ಎಷ್ಟು ದಿನ ಹಿಮ ಬೀಳುತ್ತದೆ, ಐದೋ ಆರೋ, ಅಷ್ಟಕ್ಕಾಗಿ ಎರಡನೆಯ ಜೊತೆ ಟೈರು ಏಕೆ ಎಂದು. ನನ್ನ ಅಭಿಪ್ರಾಯದಲ್ಲಿ ಈ ಲೆಕ್ಕದ ಬುಡವೇ ಸರಿಯಿಲ್ಲ. ಟೈರಿನ ಪ್ರಶ್ನೆಯನ್ನು ನಿರ್ಧರಿಸಬೇಕಾದದ್ದು ಇಡೀ ಚಳಿಗಾಲದಲ್ಲಿ ಬರುವ ಅತಿ ಕೆಟ್ಟ ಬೆಳಗ್ಗೆ. ಆ ಬೆಳಗ್ಗೆ ನೀವು ಕಾರನ್ನು ಮನೆಯಲ್ಲಿಯೇ ಬಿಡಬಲ್ಲಿರಾ? ಸ್ಟುಟ್‌ಗಾರ್ಟ್ ನಗರದೊಳಗೆ ಮನೆ, ನಡೆದರೆ ಹತ್ತು ನಿಮಿಷದಲ್ಲಿ ಎಸ್-ಬಾನ್ ರೈಲು, ಹಿಮ ಬಿದ್ದ ದಿನ ಮನೆಯಿಂದಲೇ ಕೆಲಸ ಮಾಡುತ್ತೇನೆಂದು ಒಂದು ಸಂದೇಶ ಕಳಿಸಿದರೆ ಮುಗಿಯುವ ಉದ್ಯೋಗ, ಕಾರು ವಾರಾಂತ್ಯದ ದಿನಸಿಗೆ: ಇಂಥವರಿಗೆ ಉತ್ತಮ ದರ್ಜೆಯ ಸರ್ವಋತು ಟೈರು ಸಾಕು, ಎರಡು ಜೊತೆ ಇಡುವುದು ಅನಗತ್ಯ ಖರ್ಚು. ಅದೇ ನಗರದಿಂದ ನಲವತ್ತು ಕಿ.ಮೀ. ದೂರದಲ್ಲಿ, ಶ್ವಾಬಿಯನ್ ಆಲ್ಬ್ ಬೆಟ್ಟದ ಮೇಲಿನ ಹಳ್ಳಿಯೊಂದರಲ್ಲಿ ಬಾಡಿಗೆ ಕಡಿಮೆಯೆಂದು ಮನೆ ಮಾಡಿರುವ, ಬೆಳಗಿನ ಆರು ಗಂಟೆಯ ಪಾಳಿಗೆ ಆಸ್ಪತ್ರೆ ತಲುಪಲೇಬೇಕಾದ ನರ್ಸ್ ಒಬ್ಬರಿಗೆ ನಾನು ಆ ಸಲಹೆ ಕೊಡಲಾರೆ. ಅವರು ಮನೆ ಬಿಡುವ ಹೊತ್ತಿಗೆ ಉಪ್ಪು ಹಾಕುವ ಲಾರಿ ಅವರ ರಸ್ತೆಗೆ ಬಂದಿರುವುದಿಲ್ಲ. ಹಿಮದ ದಿನಗಳು ಇಬ್ಬರಿಗೂ ಅಷ್ಟೇ ಎಂದಿಟ್ಟುಕೊಂಡರೂ ಉತ್ತರ ಬೇರೆ. ಕಪ್ಪುಕಾಡು, ಆಲ್ಗಾಯ್, ಹಾರ್ಟ್ಸ್ ಬೆಟ್ಟಗಳ ಕಡೆ ಪದೇಪದೇ ಹೋಗುವವರು ಎಲ್ಲೇ ವಾಸವಾಗಿದ್ದರೂ ಎರಡನೆಯವರ ಸಾಲಿಗೆ ಸೇರುತ್ತಾರೆ. ಹಣದ ಲೆಕ್ಕವೂ ಮೇಲ್ನೋಟಕ್ಕೆ ಕಾಣುವಷ್ಟು ಏಕಪಕ್ಷೀಯವಲ್ಲ. ಎರಡು ಜೊತೆ ಇದ್ದರೆ ಒಂದೊಂದೂ ಅರ್ಧ ವರ್ಷವಷ್ಟೇ ಸವೆಯುತ್ತದೆ. ನಿಜವಾದ ಹೆಚ್ಚುವರಿ ಖರ್ಚು ಎರಡನೆಯ ಜೊತೆ ರಿಮ್‌ಗಳದ್ದು, ವರ್ಷಕ್ಕೆರಡು ಸಲ ಬದಲಿಸುವ ಕೂಲಿಯದ್ದು, ನೆಲಮಾಳಿಗೆ ಇಲ್ಲದವರಿಗೆ ಟೈರಿನಂಗಡಿಯಲ್ಲಿ ಇಡಿಸುವ ಬಾಡಿಗೆಯದ್ದು.

ಚಳಿಗಾಲದ ಟೈರೇ ಬೇಕೆಂದು ತೀರ್ಮಾನಿಸಿದ ಮೇಲೆ ಎದುರಾಗುವುದು ಯೂರೋಪಿನ ಒಕ್ಕೂಟದ ಬಣ್ಣದ ಪಟ್ಟಿ, ಅಂದರೆ ಹೊಸ ಟೈರಿನ ಜೊತೆ ಬರುವ ಲೇಬಲ್. 2021ರ ಮೇ ತಿಂಗಳಿನಿಂದ ಹೊಸ ರೂಪದಲ್ಲಿರುವ ಈ ಪಟ್ಟಿ ಇಂಧನ ಉಳಿತಾಯಕ್ಕೆ ಮತ್ತು ಒದ್ದೆ ರಸ್ತೆಯ ಹಿಡಿತಕ್ಕೆ ಎ ಇಂದ ಇ ವರೆಗೆ ದರ್ಜೆ ಕೊಡುತ್ತದೆ, ಸದ್ದನ್ನು ಡೆಸಿಬಲ್‌ನಲ್ಲಿ ಹೇಳುತ್ತದೆ. ಜರ್ಮನಿಯ ಚಳಿಗಾಲದ ಬಹುಪಾಲು ದಿನಗಳು ಹಿಮದವಲ್ಲ, ಸಣ್ಣ ಮಳೆಯವು. ಆದ್ದರಿಂದ ನಾನು ಮೊದಲು ನೋಡುವುದು ಒದ್ದೆ ಹಿಡಿತದ ಅಕ್ಷರವನ್ನು. ಇಂಧನದ ಅಕ್ಷರ ಆಮೇಲೆ. ಪಟ್ಟಿಯ ಕೆಳಗೆ ಎರಡು ಚಿಕ್ಕ ಚಿತ್ರಗಳಿರಬಹುದು: ಒಂದು ಹಿಮದ ಹಿಡಿತದ್ದು, ಇನ್ನೊಂದು ಮಂಜುಗಡ್ಡೆಯ ಹಿಡಿತದ್ದು. ಎರಡನೆಯದನ್ನು ಕಂಡು, ಇದು ಇನ್ನೂ ಒಳ್ಳೆಯದಿರಬೇಕು ಎಂದು ಕೊಳ್ಳುವುದು ತಿಳಿದವರೂ ಮಾಡುವ ತಪ್ಪು. ಆ ಗುರುತಿನ ಟೈರುಗಳು ಸ್ವೀಡನ್, ಫಿನ್ಲೆಂಡ್‌ಗಳಂಥ ನಾಡುಗಳಿಗಾಗಿ ಮಾಡಿದವು. ಅಲ್ಲಿ ತಿಂಗಳುಗಟ್ಟಲೆ ರಸ್ತೆ ಗಡ್ಡೆಕಟ್ಟಿಯೇ ಇರುತ್ತದೆ. 1934ರಲ್ಲಿ ಲಾರಿಗಳಿಗೆ, 1936ರಲ್ಲಿ ಕಾರುಗಳಿಗೆ ಜಗತ್ತಿನ ಮೊದಲ ಚಳಿಗಾಲದ ಟೈರನ್ನು ಮಾಡಿದ್ದು ಫಿನ್ಲೆಂಡಿನ ನೋಕಿಯಾ ಪಟ್ಟಣದ ಕಾರ್ಖಾನೆ. ಮೊಬೈಲ್ ಫೋನಿನ ಹೆಸರಿಗೂ ಮೂಲ ಅದೇ ಊರು. ಆ ಸೀಮೆಯ ಅತಿ ಮೆತುವಾದ ರಬ್ಬರು ಕೊಲೋನಿನ ಮಳೆಯಲ್ಲಿ, ಗಂಟೆಗೆ 120 ಕಿ.ಮೀ. ವೇಗದ ಆಟೋಬಾನ್‌ನಲ್ಲಿ ತಡವರಿಸುತ್ತದೆ. ಅಲ್ಲಿಯ ಮೊಳೆ ಟೈರುಗಳಂತೂ ಜರ್ಮನಿಯಲ್ಲಿ ನಿಷಿದ್ಧ. ಎಡಿಎಸಿಯಂಥ ಸಂಸ್ಥೆಗಳು ಪ್ರತಿ ಶರತ್ಕಾಲದಲ್ಲಿ ಪ್ರಕಟಿಸುವ ಪರೀಕ್ಷೆಗಳು ಇಲ್ಲಿ ಬಣ್ಣದ ಪಟ್ಟಿಗಿಂತ ಹೆಚ್ಚು ಉಪಯುಕ್ತ. ಅವುಗಳನ್ನು ಓದುವಾಗ ಒಟ್ಟು ಅಂಕವನ್ನು ಬಿಟ್ಟು ಒದ್ದೆ, ಹಿಮ ಎಂಬ ಬಿಡಿ ಅಂಕಗಳನ್ನು ನೋಡಿ, ಎರಡರಲ್ಲಿ ಯಾವುದರಲ್ಲಿಯೂ ಮುಗ್ಗರಿಸದ ಟೈರನ್ನು ಆರಿಸಬೇಕು. ಬಾಳಿಕೆಯಲ್ಲಿ ಮೊದಲ ಸ್ಥಾನ ಪಡೆದದ್ದು ಒದ್ದೆಯಲ್ಲಿ ಕೊನೆಯದಾಗಿರುವುದು ಅಪರೂಪವಲ್ಲ.

ಅಳತೆಯ ವಿಷಯದಲ್ಲಿ ಹಣ ಉಳಿಸಲು ಒಂದು ನ್ಯಾಯವಾದ ದಾರಿಯಿದೆ. ಮಗ್ಗುಲಿನ ಮೇಲೆ 205/55 ಆರ್ 16 ಎಂದಿದ್ದರೆ ಅಗಲ 205 ಮಿ.ಮೀ., ಮಗ್ಗುಲಿನ ಎತ್ತರ ಅದರ ಶೇ. 55, ರಿಮ್ಮಿನ ವ್ಯಾಸ 16 ಅಂಗುಲ ಎಂದರ್ಥ. ಇದರ ಒಟ್ಟು ವ್ಯಾಸ ಲೆಕ್ಕ ಹಾಕಿದರೆ 632 ಮಿ.ಮೀ. ಬರುತ್ತದೆ. 225/45 ಆರ್ 17 ಟೈರಿನದು 634, 195/65 ಆರ್ 15 ಟೈರಿನದೂ ಸುಮಾರು ಅಷ್ಟೇ. ಅಂದರೆ ಒಂದೇ ಕಾರಿಗೆ ಮೂರು ಬಗೆಯ ಗಾಲಿ ಕೂರಬಹುದು, ವೇಗಮಾಪಕ ಸುಳ್ಳು ಹೇಳುವುದಿಲ್ಲ. ಬೇಸಿಗೆಯಲ್ಲಿ 17 ಅಂಗುಲದ ಮಿಂಚುವ ಅಲಾಯ್ ಇರುವ ಕಾರಿಗೆ ಚಳಿಗಾಲದಲ್ಲಿ 16 ಅಥವಾ 15 ಅಂಗುಲದ ಕಬ್ಬಿಣದ ರಿಮ್ ಮತ್ತು ಕಿರಿದಾದ ಟೈರು ಹಾಕಿದರೆ ಬೆಲೆ ಕಡಿಮೆ, ಉಪ್ಪಿನಿಂದ ಅಲಾಯ್ ಹಾಳಾಗುವುದಿಲ್ಲ, ಹಿಮದಡಿ ಅಡಗಿದ ಗುಂಡಿಗೆ ಇಳಿದರೂ ಎತ್ತರದ ಮಗ್ಗುಲು ಪೆಟ್ಟನ್ನು ತಾಳಿಕೊಳ್ಳುತ್ತದೆ. ಕಿರಿದಾದ ಟೈರು ಹಿಮದ ರಾಡಿಯನ್ನು ಸೀಳಿಕೊಂಡು ಹೋಗುವುದೂ ನಿಜ, ಆದರೆ ಒಣ ರಸ್ತೆಯಲ್ಲಿ ನಿಲ್ಲುವಾಗ ಅಗಲದ ಟೈರು ಒಂದು ಕೈ ಮೇಲು. ಬ್ರೇಕಿನ ಗಾತ್ರದಿಂದಾಗಿ ಎಲ್ಲ ಕಾರಿಗೂ ಚಿಕ್ಕ ರಿಮ್ ಕೂರುವುದಿಲ್ಲ. ನಿಮ್ಮ ಕಾರಿಗೆ ಒಪ್ಪಿಗೆಯಾದ ಅಳತೆಗಳೆಲ್ಲ ಕಾರಿನ ಜೊತೆ ಬರುವ ಸಿಒಸಿ ಪತ್ರದಲ್ಲಿ, ಅಂದರೆ ತಯಾರಕರು ಕೊಡುವ ಅನುಸರಣಾ ಪ್ರಮಾಣಪತ್ರದಲ್ಲಿ, ಇರುತ್ತವೆ. ನೋಂದಣಿ ಪತ್ರದಲ್ಲಿ ಒಂದೇ ಅಳತೆ ಇರುವುದರಿಂದ, ಅದನ್ನಷ್ಟೇ ನೋಡಿ ದುಬಾರಿ ಟೈರು ಕೊಂಡವರನ್ನು ನಾನು ಬಲ್ಲೆ.

ಅಳತೆಯ ಮುಂದೆ 91ಎಚ್ ಎಂಬಂಥ ಇನ್ನೊಂದು ಬರಹವಿರುತ್ತದೆ. 91 ಎಂದರೆ ಒಂದು ಟೈರು 615 ಕೆ.ಜಿ. ಹೊರಬಲ್ಲದು, ಎಚ್ ಎಂದರೆ ಗಂಟೆಗೆ 210 ಕಿ.ಮೀ.ವರೆಗೆ ಓಡಬಲ್ಲದು. ಹೊರುವ ಸಂಖ್ಯೆಯಲ್ಲಿ ರಾಜಿ ಇಲ್ಲ. ಬ್ಯಾಟರಿಯ ಭಾರದಿಂದ ವಿದ್ಯುತ್ ಕಾರುಗಳಿಗೆ ಇದು ಇನ್ನೂ ಮುಖ್ಯ. ವೇಗದ ಅಕ್ಷರದಲ್ಲಿ ಮಾತ್ರ ಚಳಿಗಾಲದ ಟೈರಿಗೆ ರಿಯಾಯಿತಿ ಇದೆ: ಕಾರಿನ ಗರಿಷ್ಠ ವೇಗಕ್ಕಿಂತ ಕಡಿಮೆ ಅಕ್ಷರದ ಟೈರು ಹಾಕಬಹುದು, ಆ ಮಿತಿಯನ್ನು ಬರೆದ ಚೀಟಿಯೊಂದು ಚಾಲಕನ ಕಣ್ಣಿಗೆ ಬೀಳುವಂತಿದ್ದರೆ ಆಯಿತು.

ತಯಾರಿಯ ದಿನಾಂಕ ‘ಡಾಟ್’ (DOT) ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯಲ್ಲಿರುತ್ತದೆ. 3821 ಎಂದರೆ 2021ರ 38ನೆಯ ವಾರ. ನನ್ನ ಮೆಕ್ಯಾನಿಕ್ ಬೆರಳಿಟ್ಟು ತೋರಿಸಿದ್ದು ಇದನ್ನೇ. ಕೆಲವೊಮ್ಮೆ ಈ ಸಾಲು ಟೈರಿನ ಒಳಮಗ್ಗುಲಿಗೆ ಇರುವುದರಿಂದ, ಹಳೆಯ ಕಾರು ನೋಡಲು ಹೋದಾಗ ಬಗ್ಗಿ ಫೋನಿನ ದೀಪ ಹಾಕಿ ನೋಡುವ ಸಂಕೋಚ ಬಿಡಬೇಕು. ತೋಡು ಎಷ್ಟೇ ಆಳವಿದ್ದರೂ ಎಂಟು ವರ್ಷ ದಾಟಿದ ಚಳಿಗಾಲದ ಟೈರನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ರಬ್ಬರಿನೊಳಗಿನ ಎಣ್ಣೆ ಹಾರಿ, ಮೆತುವಾಗಿರಬೇಕಾದದ್ದೇ ಗಟ್ಟಿಯಾಗಿರುತ್ತದೆ. ಕಾರು ಮಾರುವವರ ಬೆಲೆಯಿಂದ ಹೊಸ ಟೈರುಗಳ ಬೆಲೆಯನ್ನು ಕಳೆದು ಮಾತಾಡುವ ಹಕ್ಕು ಆಗ ನಿಮ್ಮದು.

ಎರಡೇ ಟೈರು ಬದಲಿಸಿ ಉಳಿದೆರಡನ್ನು ಮುಂದಿನ ವರ್ಷಕ್ಕಿಡುವ ಯೋಚನೆ ಬಂದರೆ, ಎತ್ತು ಏರಿಗೆಳೆಯಿತು ಕೋಣ ನೀರಿಗೆಳೆಯಿತು ಎಂಬ ಗಾದೆ ಇಂಥದ್ದಕ್ಕೇ ಇದೆ. ಮುಂದೆ ಚಳಿಗಾಲದ ಟೈರು, ಹಿಂದೆ ಬೇಸಿಗೆಯದು ಇರುವ ಕಾರು ತಿರುವಿನಲ್ಲಿ ಬ್ರೇಕ್ ಹಾಕಿದರೆ ಮುಂಭಾಗ ಹಿಡಿಯುತ್ತದೆ, ಹಿಂಭಾಗ ಜಾರಿ ಮುಂದಕ್ಕೆ ಬರುತ್ತದೆ, ಕಾರು ಬುಗುರಿಯಂತೆ ತಿರುಗುತ್ತದೆ. ನಾಲ್ಕೂ ಚಳಿಗಾಲದವೇ ಆಗಿದ್ದು ಸವೆತದಲ್ಲಿ ಹೆಚ್ಚುಕಡಿಮೆ ಇದ್ದರೆ ಹೆಚ್ಚು ಆಳವಿರುವ ಜೋಡಿ ಹಿಂದಕ್ಕೆ ಹೋಗಬೇಕು, ಎಂಜಿನ್ ಬಲ ಮುಂದಿನ ಗಾಲಿಗೆ ಹರಿಯುವ ಕಾರಾದರೂ ಸರಿ.

ಹಾಕಿಸಿದ ಮೇಲಿನ ಸಂಗತಿಗಳು ಕೆಲವೇ. ಗಾಲಿಯ ಬೋಲ್ಟುಗಳನ್ನು ಐವತ್ತರಿಂದ ನೂರು ಕಿ.ಮೀ. ಓಡಿಸಿದ ಮೇಲೆ ಇನ್ನೊಮ್ಮೆ ಬಿಗಿ ನೋಡಿಸಬೇಕು. ಉಷ್ಣಾಂಶ 10 ಡಿಗ್ರಿ ಇಳಿದರೆ ಟೈರಿನ ಗಾಳಿ ಸುಮಾರು 0.1 ಬಾರ್ ಇಳಿಯುತ್ತದೆ. ಅಕ್ಟೋಬರಿನ ಹಗಲಿನಲ್ಲಿ ಸರಿಯಾಗಿ ತುಂಬಿಸಿದ್ದು ಜನವರಿಯ ಮುಂಜಾನೆ ಕಡಿಮೆ ತೋರಿಸುವುದು ಪಂಕ್ಚರಿನಿಂದಲ್ಲ. 2014ರ ನವೆಂಬರಿನಿಂದ ಈಚೆಗೆ ನೋಂದಣಿಯಾದ ಹೊಸ ಕಾರುಗಳಲ್ಲಿ ಗಾಳಿಯ ಒತ್ತಡವನ್ನು ಕಾಯುವ ವ್ಯವಸ್ಥೆ ಇರುತ್ತದೆ. ಕೆಲವು ಕಾರುಗಳಲ್ಲಿ ಅದು ಪ್ರತಿ ಗಾಲಿಯೊಳಗೂ ಸೆನ್ಸರ್ ಕೇಳುತ್ತದೆ, ಎರಡನೆಯ ಜೊತೆ ಗಾಲಿ ಕೊಳ್ಳುವಾಗ ಆ ಖರ್ಚನ್ನು ಮೊದಲೇ ಕೇಳಿಕೊಳ್ಳಬೇಕು.

ಅಂಗಡಿಯವರ ಸಮಯ ಕಾಯ್ದಿರಿಸುವುದನ್ನು ಸೆಪ್ಟೆಂಬರಿನಲ್ಲಿಯೇ ಮುಗಿಸಿಕೊಳ್ಳಿ. ಮೊದಲ ಇಬ್ಬನಿ ಹೆಪ್ಪುಗಟ್ಟಿದ ದಿನ ಇಡೀ ಊರು ಅದೇ ನಂಬರಿಗೆ ಫೋನ್ ಮಾಡುತ್ತದೆ. ಏಪ್ರಿಲಿನಲ್ಲಿ ಗಾಲಿಗಳನ್ನು ಬಿಚ್ಚುವಾಗ ಒಂದೊಂದರ ಮೇಲೂ ಸೀಮೆಸುಣ್ಣದಲ್ಲಿ ಅದು ಇದ್ದ ಜಾಗವನ್ನು ಬರೆದಿಡಬೇಕು: ಮುಂದಿನ ಎಡ, ಮುಂದಿನ ಬಲ, ಹಿಂದಿನ ಎಡ, ಹಿಂದಿನ ಬಲ. ನಾನು ಕನ್ನಡದಲ್ಲಿ ‘ಮುಂ.ಎ’ ಎಂದು ಬರೆಯುತ್ತೇನೆ. ಅಕ್ಟೋಬರಿನಲ್ಲಿ ಆ ಮೆಕ್ಯಾನಿಕ್ ಪ್ರತಿ ಸಲವೂ ಅದರ ಅರ್ಥ ಕೇಳಿ, ಅದರ ಕೆಳಗೆ ತಮ್ಮ ಭಾಷೆಯಲ್ಲಿ ಇನ್ನೊಮ್ಮೆ ಬರೆದುಕೊಂಡು, ನಾಣ್ಯಕ್ಕಾಗಿ ಜೇಬಿಗೆ ಕೈ ಹಾಕುತ್ತಾರೆ.